ತುಮಕೂರಿನಿಂದ ಫಿಗರ್ ಸ್ಕೇಟಿಂಗ್‌ಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಮಕ್ಕಳಿಗೆ ಚಕ್ರದ ಮೇಲಿನ ಆರ್ಟಿಸ್ಟಿಕ್ ಸ್ಕೇಟಿಂಗ್ ಹೇಳಿಕೊಡುತ್ತೇನೆ. ಅಭ್ಯಾಸ ಮುಗಿಯುವವರೆಗೆ ಕಾದು ಕೂರುವ ತಂದೆ ತಾಯಂದಿರು, ಶಿರಾ, ತಿಪಟೂರು, ಮಧುಗಿರಿಯ ಕಡೆಯಿಂದ ಪತ್ರ ಬರೆಯುವವರು, ಶಾಲೆಗಳ ದೈಹಿಕ ಶಿಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಧಾಟಿಯಲ್ಲೇ ಉಳಿಸಿಕೊಂಡಿದ್ದೇನೆ. ಮೊದಲಿನವು ಹೊಸಬರಿಗೆ, ಕೊನೆಯವು ಈಗಾಗಲೇ ಸ್ಪರ್ಧೆಗೆ ಇಳಿದವರಿಗೆ.

## ಹೊಸಬರಿಗೆ

ಕ್ರೀಡಾಂಗಣದಲ್ಲಿ ಮಕ್ಕಳು ಹೆಲ್ಮೆಟ್ ಹಾಕಿಕೊಂಡು ಸುತ್ತು ಹೊಡೆಯುತ್ತಾರಲ್ಲ, ಅದೇ ತಾನೇ ಫಿಗರ್ ಸ್ಕೇಟಿಂಗ್?

ಅಲ್ಲ. ನೀವು ನೋಡಿರುವುದು ಬಹುಮಟ್ಟಿಗೆ ಸ್ಪೀಡ್ ಸ್ಕೇಟಿಂಗ್. ಅಲ್ಲಿ ಮೊದಲು ಗೆರೆ ದಾಟಿದವರು ಗೆಲ್ಲುತ್ತಾರೆ. ಫಿಗರ್ ಸ್ಕೇಟಿಂಗ್‌ನಲ್ಲಿ ಸಂಗೀತಕ್ಕೆ ಹೊಂದಿಸಿ ಜಂಪ್, ಸ್ಪಿನ್, ಪಾದಗತಿಗಳನ್ನು ಹೆಣೆದ ಒಂದು ಪ್ರದರ್ಶನವಿರುತ್ತದೆ, ಅದಕ್ಕೆ ತೀರ್ಪುಗಾರರು ಅಂಕ ಕೊಡುತ್ತಾರೆ. ಒಲಿಂಪಿಕ್ಸ್‌ನಲ್ಲಿ ಪುರುಷರ ಸಿಂಗಲ್ಸ್, ಮಹಿಳೆಯರ ಸಿಂಗಲ್ಸ್, ಪೇರ್ಸ್, ಐಸ್ ಡಾನ್ಸ್ ಎಂಬ ನಾಲ್ಕು ವಿಭಾಗಗಳಿದ್ದವು. 2014ರಲ್ಲಿ ತಂಡ ಸ್ಪರ್ಧೆಯೂ ಸೇರಿತು. ಚಳಿಗಾಲದ ಒಲಿಂಪಿಕ್ಸ್ ಇನ್ನೂ ಹುಟ್ಟಿರದ 1908ರಲ್ಲೇ ಲಂಡನ್ ಕೂಟದಲ್ಲಿ ಈ ಕ್ರೀಡೆ ಇತ್ತು.

ಇದನ್ನೇ ಚಕ್ರದ ಮೇಲೆ ಮಾಡಿದರೆ ಆರ್ಟಿಸ್ಟಿಕ್ ರೋಲರ್ ಸ್ಕೇಟಿಂಗ್. ಅದಕ್ಕೆ ಒಲಿಂಪಿಕ್ಸ್‌ನಲ್ಲಿ ಸ್ಥಾನವಿಲ್ಲ. ಆದರೆ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನೂಪ್ ಕುಮಾರ್ ಯಮ ಪುರುಷರ ಫ್ರೀ ಸ್ಕೇಟಿಂಗ್‌ನಲ್ಲಿ ಕಂಚು ಗೆದ್ದರು. ಅವನಿ ಪಾಂಚಾಲ್ ಅವರೊಂದಿಗೆ ಪೇರ್ಸ್‌ನಲ್ಲಿ ಇನ್ನೊಂದು ಕಂಚು ತಂದರು.

ತುಮಕೂರಿನ ಬಿಸಿಲಿಗೆ ಐಸ್ ಎಲ್ಲಿಂದ ಬರಬೇಕು? ಇಲ್ಲಿ ಕುಳಿತು ಈ ಕನಸು ಕಾಣುವುದು ಮಗುವಿಗೆ ಮೋಸ ಮಾಡಿದ ಹಾಗಲ್ಲವೇ?

ಮುಚ್ಚುಮರೆ ಇಲ್ಲದೆ ಹೇಳಿದರೆ ಮೋಸವಲ್ಲ. ಫಿಲಿಪ್ಪೀನ್ಸ್‌ನ ಮೈಕೆಲ್ ಮಾರ್ಟಿನೆಜ್ ಕಲಿತದ್ದು ಮನಿಲಾದ ಮಾಲ್ ಒಂದರ ರಿಂಕಿನಲ್ಲಿ, ಅಂದರೆ ಸ್ಕೇಟ್ ಮಾಡುವ ಐಸ್ ಅಂಕಣದಲ್ಲಿ, 2014ರಲ್ಲಿ ಅವರು ಸೋಚಿ ಒಲಿಂಪಿಕ್ಸ್‌ಗೆ ಹೋದರು. ಮಲೇಷ್ಯಾದ ಜೂಲಿಯನ್ ಯೀ ಕೂಡ ಮಾಲ್ ರಿಂಕಿನಿಂದಲೇ ಬೆಳೆದು 2018ರ ಪ್ಯೊಂಗ್‌ಚಾಂಗ್ ತಲುಪಿದರು. ಮೆಕ್ಸಿಕೋದ ಡೊನೊವಾನ್ ಕರಿಯೋ 2022ರಲ್ಲಿ ಬೀಜಿಂಗ್‌ನಲ್ಲಿ ಫ್ರೀ ಸ್ಕೇಟ್ ಎಂಬ ಎರಡನೆಯ ಸುತ್ತಿಗೆ ಏರಿದರು, ಅವರದೂ ಮಾಲಿನ ರಿಂಕೇ. ಇನ್ನು 1998ರಲ್ಲಿ, 15ನೆಯ ವಯಸ್ಸಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕದ ತಾರಾ ಲಿಪಿನ್‌ಸ್ಕಿ ಮೊದಲು ನಿಂತದ್ದು ರೋಲರ್ ಸ್ಕೇಟ್ ಮೇಲೆ.

ಇಷ್ಟು ಹೇಳಿ ಸುಮ್ಮನಾದರೆ ಅದು ಮೋಸವಾಗುತ್ತದೆ. ಇವರಿಗೆಲ್ಲ ಚಿಕ್ಕಂದಿನಲ್ಲಿ ಚಿಕ್ಕದಾದರೂ ಒಂದು ರಿಂಕು ಕೈಗೆಟುಕುವಂತಿತ್ತು, ಇಲ್ಲವೇ ಮನೆಯವರು ಐಸ್ ಇದ್ದಲ್ಲಿಗೆ ಹೋಗಿ ನೆಲೆಸಿದರು. ನಮ್ಮ ಜಿಲ್ಲೆಯ ಮಗುವಿಗೆ ಮೊದಲ ಕೆಲವು ವರ್ಷ ಚಕ್ರವೇ ಗತಿ, ಆ ವರ್ಷಗಳಲ್ಲಿ ಕಲಿಯಬೇಕಾದ್ದೂ ಬಹಳವಿದೆ. ಆಮೇಲೆ ಒಂದು ದಿನ ಮನೆಯವರು ಊರು ಬಿಡುವ ಮಾತನ್ನು ಎದುರಿಸಲೇಬೇಕು. ಆ ದಿನ ಬರುತ್ತದೆ ಎಂಬುದು ದೊಡ್ಡವರಿಗೆ ಮೊದಲೇ ಗೊತ್ತಿರಲಿ. ಏಳು ವರ್ಷದ ಮಗುವಿನ ಕಿವಿಗೆ ಒಲಿಂಪಿಕ್ಸ್ ಎಂಬ ಪದ ಹಾಕುವ ಅಗತ್ಯವಿಲ್ಲ.

ಮಗಳಿಗೆ ಹತ್ತು ತುಂಬಿತು. ತಡವಾಯಿತೇ?

ಸಂತೋಷಕ್ಕೆ ಕಲಿಯಲು ಯಾವ ವಯಸ್ಸೂ ತಡವಲ್ಲ. ಅಂತರರಾಷ್ಟ್ರೀಯ ಸಿಂಗಲ್ಸ್‌ಗೆ ಹೋದವರಲ್ಲಿ ಹೆಚ್ಚಿನವರು ನಾಲ್ಕರಿಂದ ಏಳರ ಒಳಗೆ ಶುರು ಮಾಡಿದವರು. ತಡವಾಗಿ ಬಂದು ಮೇಲೇರಿದವರೂ ಇದ್ದಾರೆ. ಅಮೆರಿಕದ ಜಾನಿ ವೀರ್ ಹನ್ನೆರಡರ ಸುಮಾರಿಗೆ ಶುರು ಮಾಡಿ ವಿಶ್ವ ಜೂನಿಯರ್ ಚಾಂಪಿಯನ್ ಆದರು, ತಮ್ಮ ದೇಶದ ಪ್ರಶಸ್ತಿಯನ್ನು ಮೂರು ಸಲ ಗೆದ್ದರು. ಅಂಥವರು ಅಪರೂಪ. ಆದರೆ ಐಸ್ ಡಾನ್ಸ್‌ನಲ್ಲಿ ಮೂರು ನಾಲ್ಕು ಸುತ್ತಿನ ಜಂಪ್‌ಗಳಿಲ್ಲ, ಹಾಗಾಗಿ ತಡವಾಗಿ ಬಂದವರಿಗೆ ಅಲ್ಲಿ ದಾರಿ ಇನ್ನಷ್ಟು ತೆರೆದಿರುತ್ತದೆ. ಇದನ್ನು ನಮ್ಮ ಕಡೆ ಯಾರೂ ಯೋಚಿಸುವುದೇ ಇಲ್ಲ.

ಮಗು ಬೀಳುವುದನ್ನು ನನ್ನ ಕೈಯಲ್ಲಿ ನೋಡಲು ಆಗುವುದಿಲ್ಲ. ಬೀಳದೆ ಕಲಿಸುವ ವಿಧಾನ ಇಲ್ಲವೇ?

ಇಲ್ಲ. ಹಾಗಾಗಿ ನಾನು ಮೊದಲ ವಾರವೇ ಬೀಳುವುದನ್ನು ಹೇಳಿಕೊಡುತ್ತೇನೆ. ಸಮತೋಲ ತಪ್ಪಿತು ಅನಿಸಿದ ಕೂಡಲೇ ಮಂಡಿ ಬಾಗಿಸಿ ತಗ್ಗಬೇಕು, ಪಕ್ಕಕ್ಕೆ ಜಾರಿ ತೊಡೆ ಮತ್ತು ಪೃಷ್ಠದ ಮೇಲೆ ಕೂರಬೇಕು, ಬೆರಳುಗಳನ್ನು ಮುಷ್ಟಿ ಮಾಡಿ ಎದೆಯ ಹತ್ತಿರ ಎಳೆದುಕೊಳ್ಳಬೇಕು. ಹಿಂದಕ್ಕೆ ಬೀಳುವಾಗ ಅಂಗೈ ಊರಿದರೆ ಮಣಿಕಟ್ಟು ಮುರಿಯುತ್ತದೆ, ತಲೆ ಎತ್ತಿದರೆ ಹಿಂದಲೆ ನೆಲಕ್ಕೆ ಬಡಿಯುತ್ತದೆ. ಗದ್ದವನ್ನು ಎದೆಗೆ ಒತ್ತಿಕೊಳ್ಳುವುದು ಮಗುವಿಗೆ ಯೋಚಿಸದೆ ಬರುವಂತಾಗಬೇಕು. ಏಳುವುದಕ್ಕೂ ಕ್ರಮವಿದೆ: ಮೊದಲು ಎರಡು ಮಂಡಿ, ನಂತರ ಒಂದು ಪಾದ, ಎರಡು ಕೈಯೂ ಆ ಮಂಡಿಯ ಮೇಲೆ, ಆಮೇಲೆ ಎದ್ದು ನಿಲ್ಲುವುದು. ನೀವು ಗೋಡೆಯ ಆಚೆಯಿಂದ "ಅಯ್ಯೋ" ಎಂದು ಕೂಗದಿದ್ದರೆ ಮಗು ಅರ್ಧ ಹೆದರಿಕೆಯನ್ನು ಕಲಿಯುವುದೇ ಇಲ್ಲ.

ಯಾವ ಸ್ಕೇಟ್ ತೆಗೆದುಕೊಳ್ಳಲಿ? ಮುಂದಿನ ವರ್ಷಕ್ಕೂ ಆಗಲಿ ಎಂದು ಒಂದು ಸೈಜ್ ದೊಡ್ಡದು ಕೊಂಡರೆ ನಡೆಯುತ್ತದೆಯೇ?

ನಡೆಯುವುದಿಲ್ಲ. ಶಾಲೆಯ ಷೂಗೆ ಈ ಉಪಾಯ ಸರಿ, ಸ್ಕೇಟಿಗೆ ಅಪಾಯ. ಹಿಮ್ಮಡಿ ಒಳಗೆ ಅಲುಗಾಡಿದರೆ ಮಗು ಕಾಲನ್ನು ಬೂಟಿನಿಂದ ನಡೆಸಲಾರದು, ಕಣಕಾಲು ಹೊರಳುತ್ತದೆ.

ಅಂಗಡಿಯಲ್ಲಿ ಹೀಗೆ ನೋಡಿ. ತೆಳುವಾದ ಒಂದೇ ಕಾಲುಚೀಲ ಹಾಕಿಸಿ, ಕಾಲು ತೂರಿಸಿದ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ. ಬೆರಳುಗಳ ಕಡೆ ಲೇಸ್ ಸಾಧಾರಣ ಬಿಗಿ ಇರಲಿ. ಪಾದವೂ ಕಾಲೂ ಸೇರುವ ಬಾಗಿನಲ್ಲಿ ಅತಿ ಬಿಗಿ. ಅಲ್ಲಿಂದ ಮೇಲಿನ ಕೊಕ್ಕೆಗಳಲ್ಲಿ ಮತ್ತೆ ಸಡಿಲ, ಒಂದು ಬೆರಳು ತೂರುವಷ್ಟು. ಈಗ ಮಗುವಿಗೆ ಮಂಡಿ ಬಾಗಿಸಲು ಹೇಳಿ. ಬೂಟಿನ ನಾಲಿಗೆ ಮುಂದಕ್ಕೆ ಬಾಗಬೇಕು, ಹಿಮ್ಮಡಿ ಏಳಬಾರದು, ಬೆರಳ ತುದಿ ಮುಂಭಾಗಕ್ಕೆ ಸೋಕಿಯೂ ಸೋಕದಂತಿರಬೇಕು. ಮೇಲಿನ ತನಕ ಒಂದೇ ಬಿಗಿಯಲ್ಲಿ ಕಟ್ಟಿದರೆ ಕಣಕಾಲು ಬಾಗುವುದಿಲ್ಲ, ಕಣಕಾಲು ಬಾಗದ ಮಗು ಸೊಂಟದಿಂದ ಬಗ್ಗಿ ಸ್ಕೇಟ್ ಮಾಡುತ್ತದೆ.

ಆರ್ಟಿಸ್ಟಿಕ್‌ಗೆ ಬೇಕಾದದ್ದು ಎರಡು ಸಾಲು ಚಕ್ರಗಳ, ಮುಂದೆ ರಬ್ಬರ್ ಸ್ಟಾಪರ್ ಇರುವ ಕ್ವಾಡ್ ಸ್ಕೇಟ್. ಷೂ ಸೈಜ್ ಹಿಗ್ಗಿಸಿ ಕುಗ್ಗಿಸುವ ಆಟಿಕೆ ಸ್ಕೇಟ್‌ಗಳು ಬೇಡ. ದೊಡ್ಡ ಮಕ್ಕಳು ಬಿಟ್ಟ ಒಳ್ಳೆಯ ಬೂಟ್ ಸಿಕ್ಕರೆ ಧೈರ್ಯವಾಗಿ ಕೊಳ್ಳಿ, ಬಾಗಿನ ಹತ್ತಿರ ಚರ್ಮ ಮಡಿಚಿ ಮೆತ್ತಗಾಗಿಲ್ಲವೇ ಎಂದಷ್ಟೇ ನೋಡಿಕೊಳ್ಳಿ. ನಮ್ಮ ಕಡೆಯ ಕೆಂಪು ಧೂಳೂ ಕಲ್ಲಿನ ಪುಡಿಯೂ ಬೇರಿಂಗ್‌ಗೆ ಹೊಕ್ಕರೆ ಚಕ್ರ ಕಿರುಗುಟ್ಟುತ್ತದೆ, ಅಂಕಣವನ್ನು ಗುಡಿಸದೆ ಅಭ್ಯಾಸಕ್ಕೆ ಇಳಿಯಬೇಡಿ.

## ಕಲಿಯುತ್ತಿರುವವರಿಗೆ

ಎರಡು ವರ್ಷವಾಯಿತು, ನೀವು ಇನ್ನೂ ಗೆರೆ ಮೇಲೆ ಸುತ್ತಿಸುತ್ತಿದ್ದೀರಿ. ಜಂಪ್ ಯಾವಾಗ ಹೇಳಿಕೊಡುತ್ತೀರಿ?

ನನಗೆ ಅತಿ ಹೆಚ್ಚು ಬರುವ ದೂರು ಇದು, ಇದಕ್ಕೆ ಉದ್ದವಾಗಿಯೇ ಉತ್ತರಿಸುತ್ತೇನೆ.

ಫಿಗರ್ ಸ್ಕೇಟ್‌ನ ಬ್ಲೇಡ್ ಸುಮಾರು 4 ಮಿಲಿಮೀಟರ್ ದಪ್ಪ. ಅದರ ತಳವನ್ನು ನಡುವೆ ತಗ್ಗಾಗಿ ಸಾಣೆ ಹಿಡಿದಿರುತ್ತಾರೆ, ಹಾಗಾಗಿ ಒಂದು ಬ್ಲೇಡಿಗೆ ಒಳಗಿನದು, ಹೊರಗಿನದು ಎಂದು ಎರಡು ಎಡ್ಜ್. ಎರಡು ಕಾಲು, ಮುಂದಕ್ಕೆ ಮತ್ತು ಹಿಂದಕ್ಕೆ, ಒಳ ಎಡ್ಜ್ ಮತ್ತು ಹೊರ ಎಡ್ಜ್: ಒಟ್ಟು ಎಂಟು ಬಗೆಯ ಓಟ. ಸ್ಕೇಟರ್ ಮಾಡುವುದೆಲ್ಲವೂ ಈ ಎಂಟರ ಮೇಲೆ ನಿಂತಿದೆ. ಚಕ್ರದಲ್ಲಿ ಬ್ಲೇಡ್ ಇಲ್ಲ, ಆದರೆ ದೇಹ ವಾಲಿಸಿದರೆ ಬೂಟಿನ ಕೆಳಗಿನ ರಬ್ಬರ್ ಒತ್ತಿಕೊಂಡು ಚಕ್ರಗಳು ಬಾಗಿ ತಿರುಗುತ್ತವೆ. ಅದೇ ಎಂಟು ಪಾಠ ಅಲ್ಲೂ ಸಿಗುತ್ತದೆ.

ಈ ಕ್ರೀಡೆಗೆ ಫಿಗರ್ ಎಂಬ ಹೆಸರು ಬಂದದ್ದೇ ಐಸ್ ಮೇಲೆ ವೃತ್ತಗಳನ್ನೂ ಎಂಟರ ಆಕಾರವನ್ನೂ ಬ್ಲೇಡಿನಿಂದ ಬರೆಯುತ್ತಿದ್ದುದರಿಂದ. ಬರೆದ ಗೆರೆಯ ಮೇಲೆಯೇ ಮತ್ತೆ ಮತ್ತೆ ಹೋಗಬೇಕಿತ್ತು, ತೀರ್ಪುಗಾರರು ಬಗ್ಗಿ ಗೆರೆ ನೋಡುತ್ತಿದ್ದರು. ಒಂದು ಕಾಲಕ್ಕೆ ಒಟ್ಟು ಅಂಕದ ಅರ್ಧಕ್ಕಿಂತ ಹೆಚ್ಚು ಇದಕ್ಕೇ ಇತ್ತು. ನೋಡುವವರಿಗೆ ಬೇಸರವೆಂದು 1990ರ ನಂತರ ಅಂತರರಾಷ್ಟ್ರೀಯ ಸ್ಪರ್ಧೆಯಿಂದ ಕೈಬಿಟ್ಟರು. ಸ್ಪರ್ಧೆಯಿಂದ ಬಿಟ್ಟದ್ದು ಸರಿ ಇರಬಹುದು, ಕಲಿಕೆಯಿಂದ ಬಿಡುವುದನ್ನು ನಾನು ಒಪ್ಪುವುದಿಲ್ಲ.

ಈಗ ಜಂಪ್‌ಗೆ ಬರೋಣ. ಸ್ಪರ್ಧೆಯ ಜಂಪ್‌ಗಳು ಆರು ಬಗೆ, ಆರೂ ಬಂದು ಇಳಿಯುವುದು ಒಂದೇ ಕಡೆ: ಒಂದು ಕಾಲಿನ ಹಿಮ್ಮುಖ ಹೊರ ಎಡ್ಜ್ ಮೇಲೆ. ಆ ಎಡ್ಜ್ ಮೇಲೆ ಕಾಲು ಹಿಂದಕ್ಕೆ ಚಾಚಿ, ಬೆನ್ನು ನೇರವಾಗಿ, ಮೂರು ಎಣಿಸುವವರೆಗೆ ಅಲುಗಾಡದೆ ಸಾಗಲು ಬಾರದ ಮಗುವನ್ನು ಗಾಳಿಗೆ ಹಾರಿಸಿದರೆ ಅದು ಎಲ್ಲಿ ಇಳಿಯಬೇಕು? ನಿಮ್ಮ ಮಗಳು ಹಿಮ್ಮುಖ ಹೊರ ಎಡ್ಜ್‌ನಲ್ಲಿ ಎರಡು ಕಾಲಿನಲ್ಲೂ ಅರ್ಧ ವೃತ್ತ ಎಳೆದ ದಿನ ಜಂಪ್ ಶುರು. ಕೆಲವರಿಗೆ ಅದು ಆರು ತಿಂಗಳಿಗೆ ಬರುತ್ತದೆ, ಕೆಲವರಿಗೆ ಮೂರು ವರ್ಷ ಹಿಡಿಯುತ್ತದೆ. ಮೂರು ವರ್ಷ ಹಿಡಿದವರು ಆಮೇಲೆ ಹಿಂದೆ ಬೀಳುತ್ತಾರೆ ಎಂದು ತಿಳಿಯಬೇಡಿ.

ಟಿವಿಯಲ್ಲಿ ಎಲ್ಲ ಜಂಪ್‌ಗಳೂ ಒಂದೇ ಥರ ಕಾಣುತ್ತವೆ. ಹೇಗೆ ಗುರುತಿಸುವುದು?

ಏಳುವ ಕ್ಷಣ ನೋಡಿ. ಮುಖ ಮುಂದೆ ಮಾಡಿ ಎದ್ದರೆ ಅದು ಆಕ್ಸೆಲ್, ಆರರಲ್ಲಿ ಹಾಗೆ ಏಳುವುದು ಅದೊಂದೇ. ಹಿಮ್ಮುಖವಾಗಿ ಇಳಿಯಬೇಕಾದ್ದರಿಂದ ಅದಕ್ಕೆ ಅರ್ಧ ಸುತ್ತು ಹೆಚ್ಚು. ಸಿಂಗಲ್ ಆಕ್ಸೆಲ್ ಎಂದರೆ ಒಂದೂವರೆ ಸುತ್ತು. ಉಳಿದ ಐದರಲ್ಲಿ ಮೂರಕ್ಕೆ ಇನ್ನೊಂದು ಕಾಲಿನ ಬ್ಲೇಡಿನ ಮುಂತುದಿಯ ಹಲ್ಲನ್ನು ಐಸ್‌ಗೆ ಚುಚ್ಚಿ ಏಳುತ್ತಾರೆ: ಟೋ ಲೂಪ್, ಫ್ಲಿಪ್, ಲುಟ್ಜ್. ಎರಡಕ್ಕೆ ಚುಚ್ಚುವುದಿಲ್ಲ: ಸಾಲ್ಕೋ, ಲೂಪ್. ಫ್ಲಿಪ್ ಒಳ ಎಡ್ಜ್‌ನಿಂದ, ಲುಟ್ಜ್ ಹೊರ ಎಡ್ಜ್‌ನಿಂದ. ಲುಟ್ಜ್‌ನಲ್ಲಿ ಬಂದ ಬಾಗಿಗೆ ವಿರುದ್ಧವಾಗಿ ಸುತ್ತಬೇಕು, ಹಾಗಾಗಿ ಸ್ಕೇಟರ್ ಮೂಲೆಯ ಕಡೆಗೆ ಉದ್ದಕ್ಕೆ ಹಿಮ್ಮುಖವಾಗಿ ಬರುತ್ತಿದ್ದರೆ ಸಾಮಾನ್ಯವಾಗಿ ಅದೇ ಎಂದು ಊಹಿಸಬಹುದು. ಆಕ್ಸೆಲ್, ಸಾಲ್ಕೋ, ಲುಟ್ಜ್ ಎಂಬ ಹೆಸರುಗಳು ಆಯಾ ಜಂಪನ್ನು ಮೊದಲು ಮಾಡಿದ ಆಕ್ಸೆಲ್ ಪಾಲ್ಸೆನ್, ಉಲ್ರಿಚ್ ಸಾಲ್ಕೋ, ಅಲೊಯಿಸ್ ಲುಟ್ಜ್ ಅವರಿಂದ ಬಂದವು.

ಮಗಳು ಭರತನಾಟ್ಯವನ್ನೂ ಕಲಿಯುತ್ತಿದ್ದಾಳೆ. ಎರಡರಲ್ಲಿ ಒಂದನ್ನು ಬಿಡಿಸಬೇಕೇ?

ಬಿಡಿಸಬೇಡಿ. ತಾಳದ ಹಿಡಿತ, ಕಣ್ಣು ಮತ್ತು ಕೈ ಒಟ್ಟಿಗೆ ಹೋಗುವ ಅಭ್ಯಾಸ, ನೂರು ಜನ ನೋಡುತ್ತಿರುವಾಗ ಕುಗ್ಗದ ಮುಖ ಇವು ನನ್ನಲ್ಲಿಗೆ ಬರುವ ಎಷ್ಟೋ ಮಕ್ಕಳಿಗೆ ಇಲ್ಲ, ನಾಟ್ಯ ಕಲಿತವರಿಗೆ ಇರುತ್ತದೆ. ಅರೆಮಂಡಿಯಿಂದ ತೊಡೆಸಂದು ತೆರೆದುಕೊಳ್ಳುವುದು ಎರಡೂ ಪಾದಗಳನ್ನು ಹೊರಕ್ಕೆ ತಿರುಗಿಸಿ ಸಾಗುವ ಸ್ಪ್ರೆಡ್ ಈಗಲ್‌ನಂಥ ಭಂಗಿಗಳಿಗೆ ನೇರವಾಗಿ ಒದಗುತ್ತದೆ. ಒಂದೇ ಎಚ್ಚರಿಕೆ: ಗಟ್ಟಿ ನೆಲದ ಮೇಲೆ ತಟ್ಟಡವು ಮಾಡಿದ ದಿನವೇ ಜಂಪ್ ಅಭ್ಯಾಸವೂ ಬೇಡ. ಬೆಳೆಯುವ ಮೊಣಕಾಲ ಕೆಳಗಿನ ಮೂಳೆಗೆ ಎರಡೂ ಪೆಟ್ಟು ಒಂದೇ ದಿನ ಬೀಳಬಾರದು. ನಾಟ್ಯದ ಗುರುಗಳ ಜೊತೆ ಮಾತಾಡಿ ವಾರದ ದಿನಗಳನ್ನು ಹಂಚಿಕೊಳ್ಳಿ.

ಸಣ್ಣಗಿರಬೇಕು ಎಂದು ಮುದ್ದೆ ಬಿಡಿಸಿದ್ದೇವೆ. ಸರಿ ತಾನೇ?

ತಪ್ಪು. ದಯವಿಟ್ಟು ಇವತ್ತೇ ಮತ್ತೆ ಶುರು ಮಾಡಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಜಂಪ್ ಇಳಿಯುವಾಗ ದೇಹದ ತೂಕದ ಹಲವು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ, ಅದನ್ನು ಹೊರುವುದು ಮೂಳೆ. ಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪು, ಹಾಲು, ತಿನ್ನುವವರಾದರೆ ಮೊಟ್ಟೆ: ನಮ್ಮ ಜಿಲ್ಲೆಯ ದಿನನಿತ್ಯದ ಅಡುಗೆಯೇ ಸ್ಕೇಟರ್‌ಗೆ ಸಾಕು.

ಈ ಕ್ರೀಡೆಯಲ್ಲಿ ಊಟದ ವಿಷಯ ಎಷ್ಟು ಜೀವಗಳನ್ನು ಹಿಂಡಿದೆ ಎಂದು ತಿಳಿದಿರಲಿ. 2014ರ ಸೋಚಿಯಲ್ಲಿ 15ರ ವಯಸ್ಸಿಗೇ ತಂಡ ಸ್ಪರ್ಧೆಯ ಚಿನ್ನ ಗೆದ್ದ ರಷ್ಯಾದ ಯೂಲಿಯಾ ಲಿಪ್ನಿತ್ಸ್ಕಾಯಾ, ಊಟವನ್ನೇ ದೂರ ತಳ್ಳುವ ಅನೊರೆಕ್ಸಿಯಾ ಕಾಯಿಲೆಗೆ ಚಿಕಿತ್ಸೆ ಪಡೆದು 2017ರಲ್ಲಿ, 19ರ ಹರೆಯದಲ್ಲಿ ನಿವೃತ್ತಿಯಾದರು. ಮಗಳ ಮುಟ್ಟು ಮೂರು ತಿಂಗಳು ನಿಂತರೆ ಅದನ್ನು ಅಭ್ಯಾಸದ ಶ್ರಮ ಎಂದು ತಳ್ಳಿಹಾಕದೆ ವೈದ್ಯರಲ್ಲಿಗೆ ಹೋಗಿ. ಯಾವ ತರಬೇತುದಾರರಾದರೂ ಮಕ್ಕಳನ್ನು ಎಲ್ಲರ ಎದುರು ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಅಲ್ಲಿಂದ ಮಗುವನ್ನು ಕರೆದುಕೊಂಡು ಬಂದುಬಿಡಿ. ನಾನಾದರೂ ಅಷ್ಟೇ.

ಎಸ್‌ಎಸ್‌ಎಲ್‌ಸಿ ಬರುತ್ತಿದೆ, ಒಂದು ವರ್ಷ ನಿಲ್ಲಿಸಿದರೆ?

ಪೂರ್ತಿ ನಿಲ್ಲಿಸಿದರೆ ಮರಳುವುದು ಕಷ್ಟ. ವಾರಕ್ಕೆ ಎರಡು ಬೆಳಗ್ಗೆ ಬಂದು ಎಡ್ಜ್ ಮತ್ತು ಸ್ಪಿನ್ ಮಾತ್ರ ಮಾಡಿ ಹೋಗಲಿ, ಜಂಪ್ ಪರೀಕ್ಷೆಯ ನಂತರ ನೋಡಿಕೊಳ್ಳೋಣ.

## ಸ್ಪರ್ಧೆಗೆ ಇಳಿದವರಿಗೆ

ಬಿದ್ದವರಿಗೆ ಪದಕ, ಬೀಳದವರಿಗೆ ಇಲ್ಲ. ಇದು ಯಾವ ನ್ಯಾಯ?

ಲೆಕ್ಕ ಬಿಡಿಸಿ ನೋಡಿದರೆ ಅರ್ಥವಾಗುತ್ತದೆ. ಪ್ರತಿ ಜಂಪ್, ಸ್ಪಿನ್, ಪಾದಗತಿಗೆ ಒಂದು ಮೂಲ ಬೆಲೆ ಇದೆ. ಈಚಿನ ವರ್ಷಗಳ ಪಟ್ಟಿಯಲ್ಲಿ ಡಬಲ್ ಆಕ್ಸೆಲ್‌ಗೆ 3.30, ಟ್ರಿಪಲ್ ಲುಟ್ಜ್‌ಗೆ 5.90, ಟ್ರಿಪಲ್ ಆಕ್ಸೆಲ್‌ಗೆ 8.00, ನಾಲ್ಕು ಸುತ್ತಿನ ಲುಟ್ಜ್‌ಗೆ 11.50. ಮಾಡಿದ ಅಂದಕ್ಕೆ ತೀರ್ಪುಗಾರರು ಮೈನಸ್ 5ರಿಂದ ಪ್ಲಸ್ 5ರವರೆಗೆ ಕೊಡುತ್ತಾರೆ, ಒಂದೊಂದು ಅಂಕಕ್ಕೂ ಮೂಲ ಬೆಲೆಯ ಹತ್ತನೆಯ ಒಂದು ಭಾಗ ಏರುತ್ತದೆ ಅಥವಾ ಇಳಿಯುತ್ತದೆ. ನಾಲ್ಕು ಸುತ್ತಿನ ಲುಟ್ಜ್ ಪೂರ್ತಿ ಸುತ್ತಿ ಬಿದ್ದವರಿಗೆ ಎಲ್ಲರೂ ಮೈನಸ್ 5 ಕೊಟ್ಟರು ಎನ್ನಿ: 11.50ರಲ್ಲಿ ಅರ್ಧ ಹೋಗಿ 5.75, ಬಿದ್ದದ್ದಕ್ಕೆ ಇನ್ನೊಂದು ಅಂಕ ಕಡಿತ, ಉಳಿದದ್ದು 4.75. ತಪ್ಪಿಲ್ಲದೆ ಇಳಿದ ಡಬಲ್ ಆಕ್ಸೆಲ್‌ನ ಮೂಲ ಬೆಲೆ 3.30ಕ್ಕಿಂತ ಅದೇ ಹೆಚ್ಚು.

ಇದರ ಮೇಲೆ ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ ಎಂಬ ಮೂರು ಅಂಶಗಳಿಗೆ ಬೇರೆ ಅಂಕಗಳಿವೆ. ಎಡ್ಜ್ ಆಳವಾಗಿರುವವರು, ವೇಗ ಕಳೆದುಕೊಳ್ಳದವರು ಇಲ್ಲಿ ಗಳಿಸುತ್ತಾರೆ. ಜಪಾನಿನ ಕವೊರಿ ಸಕಮೊಟೊ ಟ್ರಿಪಲ್ ಆಕ್ಸೆಲ್ ಆಗಲಿ, ನಾಲ್ಕು ಸುತ್ತಿನ ಜಂಪ್ ಆಗಲಿ ಇಲ್ಲದೆ 2022, 2023, 2024ರಲ್ಲಿ ಸತತ ಮೂರು ವಿಶ್ವ ಪ್ರಶಸ್ತಿ ಗೆದ್ದರು. ಅವರು ಸಾಗುವ ವೇಗವನ್ನು, ಇಳಿದ ನಂತರವೂ ಕುಗ್ಗದ ಓಟವನ್ನು ಮಕ್ಕಳಿಗೆ ಒಮ್ಮೆ ತೋರಿಸಿ.

ಹಿಂದೆ 6.0 ಗರಿಷ್ಠ ಅಂಕದ ಪದ್ಧತಿ ಇತ್ತು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಪೇರ್ಸ್ ತೀರ್ಪು ಹಗರಣವಾಗಿ, ಕೆನಡಾದ ಜೋಡಿಗೂ ಚಿನ್ನ ಕೊಡಬೇಕಾಯಿತು. ಆ ಬಳಿಕ ಈಗಿನ ಪದ್ಧತಿ ಬಂತು.

ನಮ್ಮ ಹಾಡಿಗೆ ಸ್ಕೇಟ್ ಮಾಡಬಹುದೇ? ಅಥವಾ ಅವರ ಸಂಗೀತವೇ ಆಗಬೇಕೇ?

ಮಾಡಬಹುದು. ಸಿಂಗಲ್ಸ್ ಮತ್ತು ಪೇರ್ಸ್‌ನಲ್ಲಿ ಸಾಹಿತ್ಯವಿರುವ ಹಾಡಿಗೆ 2014–15ರಿಂದ ಅನುಮತಿ ಇದೆ. ಅಮೆರಿಕದ ಮೆರಿಲ್ ಡೇವಿಸ್ ಮತ್ತು ಚಾರ್ಲಿ ವೈಟ್ 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಹಿಂದಿ ಸಿನಿಮಾ ಸಂಗೀತಕ್ಕೆ ಕುಣಿದು ಬೆಳ್ಳಿ ಗೆದ್ದವರು. ನಮ್ಮ ಜನಪದ, ನಮ್ಮ ರಾಗಗಳು ಐಸ್ ಮೇಲೆ ಕೇಳಬೇಕು ಎಂಬುದು ನನ್ನ ದೊಡ್ಡ ಆಸೆ. ಹಾಡು ಆರಿಸುವಾಗ ವೇಗ ಬದಲಾಗುವ, ನಡುವೆ ಉಸಿರು ಬಿಡುವ ಜಾಗವಿರುವ ಭಾಗ ನೋಡಿ. ಸೀನಿಯರ್ ಸಿಂಗಲ್ಸ್‌ನ ಮೊದಲ ಸುತ್ತಾದ ಶಾರ್ಟ್ ಪ್ರೋಗ್ರಾಂ 2 ನಿಮಿಷ 40 ಸೆಕೆಂಡು, ಫ್ರೀ ಸ್ಕೇಟ್ 4 ನಿಮಿಷ. ಎರಡಕ್ಕೂ ಹತ್ತು ಸೆಕೆಂಡು ಹೆಚ್ಚುಕಡಿಮೆ ನಡೆಯುತ್ತದೆ.

ಚಕ್ರದಲ್ಲಿ ಚೆನ್ನಾಗಿ ಮಾಡುವವನು ಐಸ್ ಮೇಲೆ ಮೊದಲ ದಿನವೇ ಮಾಡುತ್ತಾನೆಯೇ?

ಮೊದಲ ದಿನ ಗೋಡೆ ಹಿಡಿಯುತ್ತಾನೆ. ಕ್ವಾಡ್ ಸ್ಕೇಟ್ ಅಗಲ, ಭಾರ. ಬ್ಲೇಡ್ ಸಣ್ಣ, ಹಗುರ, ಮುಂದೆ ಹಿಂದೆ ತೊಟ್ಟಿಲಿನ ಕಾಲಿನಂತೆ ಬಾಗಿದೆ. ಭಾರ ಸ್ವಲ್ಪ ಹಿಂದಕ್ಕೆ ಹೋದರೂ ಕಾಲು ಮುಂದಕ್ಕೆ ಜಾರುತ್ತದೆ. ಐಸ್‌ನಲ್ಲಿ ಬ್ಲೇಡನ್ನು ಅಡ್ಡ ಉಜ್ಜಿ ನಿಲ್ಲಬಹುದು, ಚಕ್ರದಲ್ಲಿ ಅದು ಗೊತ್ತಿರುವುದಿಲ್ಲ. ಆದರೆ ಎಡ್ಜ್ ಗೊತ್ತಿರುವ ಮಗು ಕೆಲವೇ ವಾರಗಳಲ್ಲಿ ಸಿಂಗಲ್ ಜಂಪ್‌ಗಳಿಗೆ ಬಂದುಬಿಡುತ್ತದೆ. ನಡುವಿನ ಸೇತುವೆಯಾಗಿ, ಚಕ್ರಗಳನ್ನು ಬಾಗಿದ ಸಾಲಿನಲ್ಲಿ ಜೋಡಿಸಿ ತುದಿಗೆ ರಬ್ಬರ್ ಇಟ್ಟ ಇನ್‌ಲೈನ್ ಫಿಗರ್ ಸ್ಕೇಟ್‌ಗಳಿವೆ. ಐಸ್‌ಗೆ ಹೋಗುವ ಯೋಚನೆ ಗಟ್ಟಿಯಾಗಿದ್ದರೆ ಒಂದು ವರ್ಷ ಮೊದಲೇ ಅದಕ್ಕೆ ಬದಲಾಯಿಸುವುದು ಒಳ್ಳೆಯದು. ಐಸ್‌ನಿಂದ ಹೊರಬಂದ ಕೂಡಲೇ ಬ್ಲೇಡನ್ನು ಬಟ್ಟೆಯಿಂದ ಒರೆಸುವುದು ಅಭ್ಯಾಸವಾಗಲಿ, ಪ್ಲಾಸ್ಟಿಕ್ ಗಾರ್ಡ್ ಒಳಗೇ ಒದ್ದೆ ಬಿಟ್ಟರೆ ರಾತ್ರಿ ಕಳೆಯುವುದರೊಳಗೆ ತುಕ್ಕು.

ಭಾರತದಲ್ಲಿ ಐಸ್ ಎಲ್ಲಿದೆ? ನಮ್ಮವರು ಯಾರಾದರೂ ಆಡಿದ್ದಾರೆಯೇ?

ಶಿಮ್ಲಾದ ಬಯಲು ರಿಂಕು 1920ರಿಂದ ಇದೆ, ಚಳಿ ಬಿದ್ದ ಕೆಲವು ವಾರ ಮಾತ್ರ ಅಲ್ಲಿ ಸ್ಕೇಟ್ ಮಾಡಬಹುದು. ಲಡಾಖ್‌ನಲ್ಲಿ ಕೊಳಗಳು ಹೆಪ್ಪುಗಟ್ಟುತ್ತವೆ. ಗುರುಗ್ರಾಮದ ಮಾಲ್ ಒಂದರ ರಿಂಕಿನಲ್ಲಿ ನಮ್ಮ ದೇಶದ ಎಷ್ಟೋ ಮಕ್ಕಳು ಕಲಿತಿದ್ದಾರೆ. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಕಟ್ಟಿದ ಒಲಿಂಪಿಕ್ ಅಳತೆಯ ರಿಂಕು ಬಹುಕಾಲ ಮುಚ್ಚಿತ್ತು, 2025ರಲ್ಲಿ ಮತ್ತೆ ತೆರೆಯಿತು. ಒಲಿಂಪಿಕ್ ಅಳತೆ ಎಂದರೆ 60 ಮೀಟರ್ ಉದ್ದ, 30 ಮೀಟರ್ ಅಗಲ. ಅಷ್ಟು ದೊಡ್ಡ ಐಸ್ ಕರಗದಂತೆ ಕಾಪಾಡಲು ತಗಲುವ ವಿದ್ಯುತ್ತಿನ ಖರ್ಚೇ ಇಂಥ ರಿಂಕುಗಳನ್ನು ಮುಚ್ಚಿಸುವುದು.

ಅಮೆರಿಕದಲ್ಲಿ ಬೆಳೆದ ಅಮಿ ಪಾರೇಖ್ ಭಾರತದ ಪರವಾಗಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ಪರ್ಧಿಸಿದರು. ಅಲ್ಲಿಯೇ ಹುಟ್ಟಿದ ತಾರಾ ಪ್ರಸಾದ್ ಈಗ ಭಾರತದ ಹೆಸರಿನಲ್ಲಿ ಅಂತರರಾಷ್ಟ್ರೀಯ ಕೂಟಗಳಲ್ಲಿ ಆಡುತ್ತಾರೆ. ಇಬ್ಬರೂ ಐಸ್ ಇರುವ ದೇಶದಲ್ಲಿ ಬೆಳೆದವರು ಎಂಬುದನ್ನು ಗಮನಿಸಿ. ಇಲ್ಲಿಯೇ ಬೆಳೆದ ಮಗುವೊಂದು ಆ ಮಟ್ಟ ಮುಟ್ಟಬೇಕೆಂದರೆ ವರ್ಷವಿಡೀ ತೆರೆದಿರುವ ರಿಂಕು ಬೇಕು. ಬೆಂಗಳೂರಿನಲ್ಲಿ ಸ್ಪರ್ಧಾ ಅಳತೆಯ ಒಂದು ರಿಂಕು ಬಂದರೆ 70 ಕಿಲೋಮೀಟರ್ ದೂರದ ತುಮಕೂರಿನ ಮಕ್ಕಳು ಬೆಳಗಿನ ರೈಲು ಹಿಡಿದು ಹೋಗಿ ಬರುತ್ತಾರೆ. ಇದನ್ನು ಸಿಕ್ಕ ಸಿಕ್ಕ ಕ್ರೀಡಾ ಅಧಿಕಾರಿಗಳಿಗೆಲ್ಲ ಹೇಳುತ್ತಲೇ ಇದ್ದೇನೆ.

ಖರ್ಚು ಎಷ್ಟಾಗುತ್ತದೆ? ನಿಜ ಹೇಳಿ.

ಚಕ್ರದ ಹಂತ ಮಧ್ಯಮ ವರ್ಗದ ಮನೆ ಹೊರಬಹುದಾದಷ್ಟು. ಐಸ್‌ಗೆ ಹೋದ ಮೇಲೆ ಲೆಕ್ಕವೇ ಬೇರೆ. ಮೇಲ್ಮಟ್ಟದ ಬೂಟು ಮತ್ತು ಬ್ಲೇಡ್ ಸೇರಿ ಒಂದು ಲಕ್ಷ ರೂಪಾಯಿಯ ಆಸುಪಾಸು, ಬೆಳೆಯುವ ಕಾಲಿಗೆ ಅದು ಬಹಳ ದಿನ ಬಾರದು. ಐಸ್ ಗಂಟೆಯ ಬಾಡಿಗೆ, ತರಬೇತುದಾರರ ಶುಲ್ಕ, ಪ್ರದರ್ಶನ ಸಂಯೋಜಿಸುವವರ ಶುಲ್ಕ, ಉಡುಪು, ಬ್ಲೇಡ್ ಸಾಣೆ, ಪ್ರಯಾಣ ಬೇರೆ ಬೇರೆ. ಬಹುಮಾನದಿಂದ ಇದು ತುಂಬುವುದಿಲ್ಲ. ಗ್ರ್ಯಾಂಡ್ ಪ್ರಿ ಎಂಬ ಅಂತರರಾಷ್ಟ್ರೀಯ ಸರಣಿಯ ಒಂದು ಕೂಟ ಗೆದ್ದವರಿಗೆ ಬಹುಕಾಲ ಸಿಗುತ್ತಿದ್ದದ್ದು 18,000 ಡಾಲರ್, ಅದೂ ಜಗತ್ತಿನ ತುದಿಯಲ್ಲಿ ಇರುವ ಕೆಲವೇ ಮಂದಿಗೆ. ಹೊಲ ಮಾರಿ, ಮನೆ ಅಡವಿಟ್ಟು ಇದಕ್ಕೆ ಇಳಿಯಬೇಡಿ. ಸಾಲದ ಭಾರವನ್ನು ಮಕ್ಕಳು ನಾವು ಹೇಳದಿದ್ದರೂ ಕಂಡುಕೊಳ್ಳುತ್ತಾರೆ, ಅದನ್ನು ಹೊತ್ತುಕೊಂಡು ಜಂಪ್‌ಗೆ ಏಳುತ್ತಾರೆ.

## ಮುಂದಿನ ಹಂತದವರಿಗೆ

ಸೀನಿಯರ್‌ಗೆ 17 ವರ್ಷ ಎಂದು ಮಾಡಿದ್ದು ಯಾಕೆ? ನನ್ನ ಮಗಳು 14ಕ್ಕೇ ತಯಾರಾಗುತ್ತಿದ್ದಳಲ್ಲ?

2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ರಷ್ಯಾದ 15ರ ಕಮಿಲಾ ವಲಿಯೆವಾ ಉದ್ದೀಪನ ಮದ್ದಿನ ಪ್ರಕರಣದ ನಡುವೆ ಐಸ್‌ಗೆ ಇಳಿದು, ಬಿದ್ದು, ಅಳುತ್ತಾ ಹೊರಬಂದದ್ದನ್ನು ಜಗತ್ತು ನೋಡಿತು. 2024ರಲ್ಲಿ ಕ್ರೀಡಾ ನ್ಯಾಯಮಂಡಳಿ ಆಕೆಗೆ ನಾಲ್ಕು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ 2022ರ ಜೂನ್‌ನಲ್ಲೇ ಸೀನಿಯರ್ ಕನಿಷ್ಠ ವಯಸ್ಸನ್ನು 15ರಿಂದ ಏರಿಸಲು ತೀರ್ಮಾನಿಸಿತ್ತು: 2023–24ಕ್ಕೆ 16, 2024–25ರಿಂದ 17. ನನಗೆ ಇದು ಈ ಕ್ರೀಡೆ ಇತ್ತೀಚೆಗೆ ಮಾಡಿದ ಅತ್ಯುತ್ತಮ ಕೆಲಸ ಎನಿಸುತ್ತದೆ. ನಿಮ್ಮ ಮಗಳಿಗೆ ಜೂನಿಯರ್‌ನಲ್ಲಿ ಕಲಿಯಲು ಮೂರು ವರ್ಷ ಸಿಕ್ಕಿತು, ಅದನ್ನು ನಷ್ಟವೆಂದು ಎಣಿಸಬೇಡಿ.

ಒಂದು ವರ್ಷದಲ್ಲಿ ಉದ್ದ ಬೆಳೆದಳು, ಬರುತ್ತಿದ್ದ ಡಬಲ್‌ಗಳೆಲ್ಲ ಹೋದವು. ಏನಾಯಿತು?

ಬೆಳವಣಿಗೆ ಆಯಿತು, ಕಾಯಿಲೆಯಲ್ಲ. ಗಾಳಿಯಲ್ಲಿ ಸುತ್ತುವ ವೇಗ ದೇಹವನ್ನು ಅಕ್ಷದ ಸುತ್ತ ಎಷ್ಟು ಬಿಗಿಯಾಗಿ ಒಟ್ಟುಗೂಡಿಸುತ್ತೇವೆ ಎಂಬುದರ ಮೇಲೆ ನಿಂತಿದೆ. ಜಗತ್ತಿನ ಅತ್ಯುತ್ತಮರಿಗೂ ನಾಲ್ಕು ಸುತ್ತಿನ ಜಂಪ್‌ಗೆ ಗಾಳಿಯಲ್ಲಿ ಸಿಗುವುದು ಸುಮಾರು 0.7 ಸೆಕೆಂಡು. ಭುಜ, ಸೊಂಟ ಅಗಲವಾದರೆ, ಕೈಕಾಲು ಉದ್ದವಾದರೆ ಅದೇ ಬಲಕ್ಕೆ ಸುತ್ತು ನಿಧಾನವಾಗುತ್ತದೆ. ಹೊಸ ದೇಹಕ್ಕೆ ತಕ್ಕ ಬಲ ಬರುವವರೆಗೆ ಸಿಂಗಲ್‌ಗಳಿಗೆ ಹಿಂತಿರುಗಿ, ನೆಲದ ಮೇಲೆ ಹಗ್ಗದ ಆಟ, ಸ್ಕ್ವಾಟ್, ಹೊಟ್ಟೆ ಬೆನ್ನಿನ ವ್ಯಾಯಾಮ ಮಾಡಿಸಿ, ಎಡ್ಜ್‌ಗಳನ್ನು ಮತ್ತೆ ಅಭ್ಯಾಸ ಮಾಡಿಸಿ. ಈ ಹೊತ್ತಿನಲ್ಲಿ ತೂಕ ಇಳಿಸಿ ಹಳೆಯ ದೇಹ ತರಿಸಲು ಹೋಗುವುದರಿಂದಲೇ ಹೆಚ್ಚಿನ ಹುಡುಗಿಯರು ಮುರಿಯುವುದು. ಇಟಲಿಯ ಕರೊಲಿನಾ ಕೋಸ್ಟ್‌ನರ್ ವಿಶ್ವ ಚಾಂಪಿಯನ್ ಆದದ್ದು 25ರಲ್ಲಿ, ಒಲಿಂಪಿಕ್ ಕಂಚು ಗೆದ್ದದ್ದು 27ರಲ್ಲಿ. ಪೇರ್ಸ್‌ನಲ್ಲಿ ಡಿಯಾನ ಸ್ಟೆಲಾಟೊ ಡುಡೆಕ್ 16 ವರ್ಷ ಸ್ಕೇಟಿಂಗ್ ಬಿಟ್ಟಿದ್ದು ಮರಳಿ, 2024ರಲ್ಲಿ 40ನೆಯ ವಯಸ್ಸಿನಲ್ಲಿ ವಿಶ್ವ ಪ್ರಶಸ್ತಿ ಗೆದ್ದರು.

ಸೊಂಟ ನೋವು ಎನ್ನುತ್ತಾನೆ, ಆದರೆ ಸ್ಪರ್ಧೆ ಮುಂದಿನ ವಾರ.

ಹಿಂದಕ್ಕೆ ಬಾಗಿದಾಗ, ಅದರಲ್ಲೂ ಒಂದೇ ಕಾಲಿನ ಮೇಲೆ ನಿಂತು ಬಾಗಿದಾಗ ಕೆಳಬೆನ್ನು ನೋಯುತ್ತಿದ್ದರೆ ಸ್ಪರ್ಧೆ ಬಿಡಿ. ಬೆಳೆಯುವ ಸ್ಕೇಟರ್‌ಗಳಲ್ಲಿ ಬೆನ್ನುಮೂಳೆಯ ಕೆಳಭಾಗದಲ್ಲಿ ಒತ್ತಡದ ಬಿರುಕು ಬೀಳುವುದುಂಟು. ಬೇಗ ಕಂಡುಹಿಡಿದರೆ ವಿಶ್ರಾಂತಿಯಲ್ಲೇ ಕೂಡುತ್ತದೆ, ಮುಲಾಮು ಹಚ್ಚಿ ತಳ್ಳಿದರೆ ವರ್ಷಗಟ್ಟಲೆ ಕಾಡುತ್ತದೆ. ಮೂಳೆ ತಜ್ಞರಿಗೆ ಮಗು ಜಂಪ್ ಮಾಡುತ್ತಾನೆ ಎಂದು ಬಿಡಿಸಿ ಹೇಳಿ, ಬರೀ "ಸ್ಕೇಟಿಂಗ್ ಆಡುತ್ತಾನೆ" ಎಂದರೆ ಅವರಿಗೆ ಅಂದಾಜು ಸಿಗುವುದಿಲ್ಲ.

ಬಿಟ್ಟುಬಿಡುತ್ತೇನೆ ಎನ್ನುತ್ತಿದ್ದಾಳೆ. ಇಷ್ಟು ವರ್ಷ ಹಾಕಿದ್ದು ವ್ಯರ್ಥವಾಗಲಿಲ್ಲವೇ?

ಮೊದಲು ಏನನ್ನು ಬಿಡಬೇಕೆಂದಿದ್ದಾಳೆ ಎಂದು ಕೇಳಿ: ಸ್ಪರ್ಧೆಯನ್ನೋ, ಒಂದು ಜಂಪನ್ನೋ, ತರಬೇತುದಾರರನ್ನೋ, ಸ್ಕೇಟಿಂಗನ್ನೇನೋ? ಉತ್ತರ ಬೇರೆ ಬೇರೆ ಇರುತ್ತದೆ. ಸ್ಕೇಟಿಂಗನ್ನೇ ಎಂದರೆ ಬಿಡಲಿ, ಮನೆಯಲ್ಲಿ ಆ ಖರ್ಚಿನ ಮಾತು ಎತ್ತಬೇಡಿ. ಅಮೆರಿಕದ ಅಲಿಸಾ ಲಿಯು 2022ರಲ್ಲಿ 16ಕ್ಕೇ ಸಾಕೆಂದು ಹೊರನಡೆದರು, 2024ರಲ್ಲಿ ತಾವಾಗಿಯೇ ಮರಳಿದರು, 2025ರ ವಿಶ್ವ ಚಾಂಪಿಯನ್ ಆದರು. ಯಾರೂ ಎಳೆದು ತಂದದ್ದಲ್ಲ. ನಿಮ್ಮ ಮಗಳು ಮರಳದೆಯೂ ಇರಬಹುದು, ಅದೂ ಅವಳ ತೀರ್ಮಾನ.

ಸ್ಪರ್ಧೆ ಮುಗಿದ ಮೇಲೆ ಹೊಟ್ಟೆಪಾಡು?

ಜಪಾನಿನ ಯುಜುರು ಹನ್ಯು ಎರಡು ಒಲಿಂಪಿಕ್ ಚಿನ್ನಗಳ ನಂತರ 2022ರಲ್ಲಿ ವೃತ್ತಿಪರ ಪ್ರದರ್ಶನಗಳಿಗೆ ತಿರುಗಿದರು, ಆ ದಾರಿ ಕೆಲವೇ ಹೆಸರುಗಳಿಗೆ. ಉಳಿದವರು ತರಬೇತಿ, ಪ್ರದರ್ಶನ ಸಂಯೋಜನೆ, ಪ್ರವಾಸಿ ಹಡಗುಗಳ ಮತ್ತು ಇತರ ಐಸ್ ಶೋ ತಂಡಗಳು, ಫಿಸಿಯೋಥೆರಪಿ, ತೀರ್ಪುಗಾರಿಕೆ ಇತ್ಯಾದಿಗಳಿಗೆ ಹೋಗುತ್ತಾರೆ. ನಮ್ಮಲ್ಲಿ ವೃತ್ತಿಶಿಕ್ಷಣದ ಸೀಟುಗಳಲ್ಲೂ ಸರ್ಕಾರಿ ಕೆಲಸದಲ್ಲೂ ಕ್ರೀಡಾ ಕೋಟಾ ಇದೆ. ಯಾವ ಮಟ್ಟದ ಯಾವ ಕೂಟ ಲೆಕ್ಕಕ್ಕೆ ಬರುತ್ತದೆ ಎಂಬ ನಿಯಮ ಬದಲಾಗುತ್ತಿರುತ್ತದೆ, ಆಯಾ ವರ್ಷದ ಅಧಿಸೂಚನೆ ಓದಿ. ಜಿಲ್ಲಾ ಮಟ್ಟದಿಂದ ಹಿಡಿದು ಪ್ರತಿ ಪ್ರಮಾಣಪತ್ರದ ಮೂಲ ಪ್ರತಿ, ಕೂಟದ ಆಹ್ವಾನ ಪತ್ರ, ಫಲಿತಾಂಶದ ಹಾಳೆ ಒಂದೇ ಫೈಲಿನಲ್ಲಿ ಇರಲಿ. ಎಷ್ಟೋ ಮಕ್ಕಳು ಅರ್ಹರಾಗಿದ್ದೂ ಫಲಿತಾಂಶದ ಹಾಳೆ ಇಲ್ಲದೆ ಸೀಟು ಕಳೆದುಕೊಂಡಿದ್ದಾರೆ.

ಆರ್ಟಿಸ್ಟಿಕ್‌ನಲ್ಲಿ ಪಳಗಿದ ತರಬೇತುದಾರರು ನಮ್ಮ ಜಿಲ್ಲೆಗಳಲ್ಲಿ ಬಹಳ ಕಡಿಮೆ. ಎಡ್ಜ್ ಚೆನ್ನಾಗಿ ಬಲ್ಲ ಹಿರಿಯ ಹುಡುಗ ಹುಡುಗಿಯರು ವಾರಕ್ಕೆ ಎರಡು ದಿನ ಚಿಕ್ಕವರಿಗೆ ಹೇಳಿಕೊಡಲು ಸಿದ್ಧರಿದ್ದರೆ ಬಂದು ಮಾತಾಡಿ. ಶಿರಾ ಮತ್ತು ತಿಪಟೂರಿನಲ್ಲಿ ಮಕ್ಕಳು ಈಗಲೇ ಕಾಯುತ್ತಿದ್ದಾರೆ.